ಕೆಸರುಗದ್ದೆಯ ಯಂತ್ರಗಳು ಮತ್ತು ಅಲ್ಯೂಮಿನಿಯಂ ಮಿಶ್ರಲೋಹಗಳ ಸವೆತ ನಿರೋಧ

ಪೀಠಿಕೆ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು 1950ರ ದಶಕದಲ್ಲಿ ರಾಯಚೂರು ಸೀಮೆಗೆ ಹರಿದುಬಂದ ಮೇಲೆ ಸಿಂಧನೂರು ಭಾಗದ ಬೇಸಾಯದ ಸ್ವರೂಪವೇ ಬದಲಾಯಿತು. ಜೋಳ, ಸಜ್ಜೆ, ಹತ್ತಿ ಬೆಳೆಯುತ್ತಿದ್ದ ಎರೆಭೂಮಿಯ ಬಹುಪಾಲು ಭತ್ತದ ಗದ್ದೆಯಾಯಿತು. ತುರ್ವಿಹಾಳ ಮತ್ತು ಅದರ ಸುತ್ತಲಿನ ಊರುಗಳು ಈ ಅಚ್ಚುಕಟ್ಟು ಪ್ರದೇಶಕ್ಕೆ ಸೇರಿದವು. ಎತ್ತು, ನೇಗಿಲು, ಕುಡುಗೋಲುಗಳಿಂದ ನಡೆಯುತ್ತಿದ್ದ ಕೆಲಸವನ್ನು ಇಂದು ಟ್ರ್ಯಾಕ್ಟರ್, ಪವರ್ ಟಿಲ್ಲರ್, ಔಷಧ ಸಿಂಪಡಿಸುವ ಎಂಜಿನ್ ಪಂಪು ಹಾಗೂ ಭತ್ತ ಕಟಾವು ಯಂತ್ರಗಳು ನಡೆಸುತ್ತವೆ. ಬೆಳೆದ ಭತ್ತ ಸಿಂಧನೂರಿನ ಅಕ್ಕಿ ಗಿರಣಿಗಳಿಗೆ ಹೋಗುತ್ತದೆ.

ಈ ಯಂತ್ರಗಳಲ್ಲಿ ಕಬ್ಬಿಣ ಮತ್ತು ಉಕ್ಕಿನದೇ ಸಿಂಹಪಾಲು. ಆದರೂ ಕೆಲವು ಮುಖ್ಯ ಭಾಗಗಳು ಅಲ್ಯೂಮಿನಿಯಂ ಮಿಶ್ರಲೋಹದವು. ಎಂಜಿನ್ನಿನ ಪಿಸ್ಟನ್, ಭಾರ ಎತ್ತುವ ಹೈಡ್ರಾಲಿಕ್ ವ್ಯವಸ್ಥೆಯ ಗೇರ್ ಪಂಪಿನ ಕವಚ, ಬೆನ್ನಿಗೆ ಕಟ್ಟಿಕೊಳ್ಳುವ ಎಂಜಿನ್ ಪಂಪಿನ ಸಿಲಿಂಡರ್ ಇವು ಅದಕ್ಕೆ ಉದಾಹರಣೆ. ಅಂಗೈಯಲ್ಲಿ ಹಿಡಿಯಬಹುದಾದ ಇಂತಹ ಒಂದು ಭಾಗ ಕೂದಲೆಳೆಯಷ್ಟು ಸವೆದರೂ ಎಂಜಿನ್ ಎಣ್ಣೆ ಕುಡಿಯತೊಡಗುತ್ತದೆ, ಅಥವಾ ಪಂಪು ಒತ್ತಡ ಕಳೆದುಕೊಳ್ಳುತ್ತದೆ. ಕಟಾವಿಗೆ ಬಂದ ಭತ್ತ ಯಂತ್ರದ ದುರಸ್ತಿಗಾಗಿ ಕಾಯುವುದಿಲ್ಲ. ಮಳೆಗೆ ಸಿಕ್ಕಿ ಪೈರು ನೆಲಕ್ಕೊರಗಿದರೆ ಆಗುವ ನಷ್ಟದ ಮುಂದೆ ಸವೆದ ಭಾಗದ ಬೆಲೆ ಅಲ್ಪವೇ ಸರಿ. ಆದುದರಿಂದ ಅಲ್ಯೂಮಿನಿಯಂ ಮಿಶ್ರಲೋಹಗಳ ಸವೆತ ನಿರೋಧ ಶಕ್ತಿಯನ್ನು ಹೆಚ್ಚಿಸುವ ಸಂಶೋಧನೆಗೂ ಕಾಲುವೆ ಬಯಲಿನ ರೈತನ ಬದುಕಿಗೂ ನೇರ ಸಂಬಂಧವಿದೆ.

ಈ ವಿಷಯದಲ್ಲಿ ಸಾಮಾನ್ಯವಾಗಿ ಕಂಡುಬರುವ ನಂಬಿಕೆಯೆಂದರೆ, ಲೋಹವನ್ನು ಗಡಸು ಮಾಡಿದಷ್ಟೂ ಸವೆತ ಕಡಿಮೆಯಾಗುತ್ತದೆ ಎಂಬುದು. ಇದು ಅರ್ಧಸತ್ಯ ಮಾತ್ರ. ಸವೆತ ಎಂಬುದು ಒಂದೇ ರೋಗವಲ್ಲ. ಅದಕ್ಕೆ ಒಂದೇ ಮದ್ದೂ ಇಲ್ಲ. ಯಾವ ಭಾಗ ಯಾವ ಬಗೆಯಲ್ಲಿ ಸವೆಯುತ್ತದೆ ಎಂಬುದನ್ನು ಅರಿತು ಅದಕ್ಕೆ ತಕ್ಕ ಉಪಾಯವನ್ನು ಆರಿಸುವುದೇ ಈ ಶಾಸ್ತ್ರದ ತಿರುಳು.

ಅಲ್ಯೂಮಿನಿಯಂನ ಗುಣ ಮತ್ತು ದೋಷ

ಅಲ್ಯೂಮಿನಿಯಂನ ಸಾಂದ್ರತೆ ಘನ ಸೆಂಟಿಮೀಟರಿಗೆ 2.7 ಗ್ರಾಂ. ಇದು ಕಬ್ಬಿಣದ ಸಾಂದ್ರತೆಯ ಸುಮಾರು ಮೂರನೆಯ ಒಂದು ಭಾಗ. ಅದರ ಎರಕದ ಮಿಶ್ರಲೋಹಗಳು ಎರಕದ ಕಬ್ಬಿಣಕ್ಕಿಂತ ಎರಡರಿಂದ ಮೂರು ಪಟ್ಟು ಬೇಗ ಶಾಖವನ್ನು ಸಾಗಿಸುತ್ತವೆ. ನಿಮಿಷಕ್ಕೆ ಸಾವಿರಾರು ಬಾರಿ ಮೇಲೆ ಕೆಳಗೆ ಚಲಿಸುವ, ಉರಿಯುವ ಅನಿಲದ ಬಿಸಿಯನ್ನು ತಲೆಯ ಮೇಲೆ ಹೊರುವ ಪಿಸ್ಟನ್ನಿಗೆ ಈ ಎರಡು ಗುಣಗಳೂ ಅತ್ಯವಶ್ಯ.

ದೋಷವಿರುವುದು ಮೇಲ್ಮೈಯಲ್ಲಿ. ಶುದ್ಧ ಅಲ್ಯೂಮಿನಿಯಂ ಬಹಳ ಮೆದು. ವಿಕರ್ಸ್ ಅಳತೆಯಲ್ಲಿ ಅದರ ಗಡಸುತನ ಸುಮಾರು 20. ಅದು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದರಿಂದ, ಉಜ್ಜಾಟದ ಬಿಸಿಗೆ ಬೇಗನೆ ಮೆತ್ತಗಾಗುತ್ತದೆ. ಗಾಳಿ ಸೋಕಿದೊಡನೆ ಅದರ ಮೇಲೆ ಆಕ್ಸೈಡಿನ ಪೊರೆಯೊಂದು ಮೂಡುತ್ತದೆ. ಆದರೆ ಆ ಪೊರೆಯ ದಪ್ಪ ಕೆಲವೇ ನ್ಯಾನೋಮೀಟರ್. ಪೊರೆ ಎಷ್ಟೇ ಗಡಸಾದರೂ ಕೆಳಗಿನ ಲೋಹ ಮೆದುವಾದ್ದರಿಂದ, ಕೆಸರಿನ ಮೇಲೆ ಹಾಸಿದ ಗಾಜಿನ ಹಾಳೆಯಂತೆ, ಭಾರ ಬಿದ್ದಲ್ಲಿ ಒಡೆದುಹೋಗುತ್ತದೆ. ಆಗ ಬರಿಯ ಲೋಹ ಎದುರಿನ ಉಕ್ಕಿಗೆ ತಾಗುತ್ತದೆ.

ಸವೆತದ ಬಗೆಗಳು

ಇಂಗ್ಲೆಂಡಿನ ಆರ್ಚರ್ಡ್ 1953ರಲ್ಲಿ ನಿರೂಪಿಸಿದ ನಿಯಮದಂತೆ, ಸವೆದುಹೋಗುವ ಲೋಹದ ಗಾತ್ರವು ಮೇಲಿನ ಭಾರಕ್ಕೂ ಉಜ್ಜಿದ ದೂರಕ್ಕೂ ಅನುಗುಣವಾಗಿ ಹೆಚ್ಚುತ್ತದೆ. ಲೋಹದ ಗಡಸುತನ ಹೆಚ್ಚಿದಂತೆ ಕಡಿಮೆಯಾಗುತ್ತದೆ. ಇದರಲ್ಲಿ ಸವೆತ ಗುಣಾಂಕ ಎಂಬ ಸಂಖ್ಯೆಯೊಂದು ಬರುತ್ತದೆ. ಸವೆತದ ಬಗೆ ಬದಲಾದರೆ ಈ ಗುಣಾಂಕ ನೂರಾರು ಪಟ್ಟು ಏರುಪೇರಾಗಬಲ್ಲುದು. ಗಡಸುತನವನ್ನು ಇಮ್ಮಡಿಗೊಳಿಸಿ ಪಡೆದ ಲಾಭವನ್ನು ಬಗೆಯ ಒಂದು ಬದಲಾವಣೆ ಕ್ಷಣದಲ್ಲಿ ನುಂಗಿಬಿಡುತ್ತದೆ.

ಅಲ್ಯೂಮಿನಿಯಂ ಭಾಗಗಳಲ್ಲಿ ಮೂರು ಬಗೆಯ ಸವೆತ ಮುಖ್ಯವಾದವು. ಮೊದಲನೆಯದು ಆಕ್ಸೈಡ್ ಸವೆತ. ಭಾರವೂ ವೇಗವೂ ಮಿತವಾಗಿದ್ದಾಗ ಮೇಲ್ಮೈಯ ಆಕ್ಸೈಡ್ ಪೊರೆ ಪುಡಿಯಾಗಿ ಉದುರುತ್ತ, ಮತ್ತೆ ಮೂಡುತ್ತ ಇರುತ್ತದೆ. ಈ ಸವೆತ ನಿಧಾನವಾದುದು, ಯಂತ್ರ ತಾಳಿಕೊಳ್ಳಬಲ್ಲದ್ದು. ಎರಡನೆಯದು ಅಂಟು ಸವೆತ. ಭಾರವು ಒಂದು ಮಿತಿಯನ್ನು ಮೀರಿದಾಗ ಪೊರೆ ಮೂಡಲು ಸಮಯವೇ ಸಿಗುವುದಿಲ್ಲ. ಅಲ್ಯೂಮಿನಿಯಂ ಉಕ್ಕಿಗೆ ಅಂಟಿಕೊಂಡು ಚಕ್ಕೆಚಕ್ಕೆಯಾಗಿ ಕಿತ್ತುಬರುತ್ತದೆ. ಮೆಕ್ಯಾನಿಕ್‌ಗಳು ‘ಪಿಸ್ಟನ್ ಜಾಮ್ ಆಯಿತು’ ಎನ್ನುವುದು ಬಹುಮಟ್ಟಿಗೆ ಇದರ ಕೊನೆಯ ಹಂತವನ್ನು.

ಮೂರನೆಯದು ತರಚು ಸವೆತ. ಹೊರಗಿನಿಂದ ಬಂದ ಗಡಸು ಕಣವು ಉಳಿಯಂತೆ ಲೋಹವನ್ನು ಕೆತ್ತುತ್ತದೆ. ಮಣ್ಣಿನ ಧೂಳಿನಲ್ಲಿರುವ ಬೆಣಚುಕಲ್ಲಿನ ಕಣಗಳ ಗಡಸುತನ ವಿಕರ್ಸ್ ಅಳತೆಯಲ್ಲಿ ಸುಮಾರು 1,000. ಭತ್ತದ ಹೊಟ್ಟಿನಲ್ಲಿಯೂ ಸಿಲಿಕಾ ಹೇರಳ. ಹೊಟ್ಟನ್ನು ಸುಟ್ಟಾಗ ಉಳಿಯುವ ಬೂದಿಯಲ್ಲಿ ಸಾಮಾನ್ಯವಾಗಿ ಶೇಕಡಾ 85ರಿಂದ 95ರಷ್ಟು ಸಿಲಿಕಾ ಇರುತ್ತದೆ. ಕಟಾವಿನ ಹೊತ್ತಿನಲ್ಲಿ ಗದ್ದೆಯ ಮೇಲೆ ಏಳುವ ಧೂಳು ಈ ಎರಡರ ಮಿಶ್ರಣ. ಕೆಸರು ಹದಮಾಡುವಾಗ ಸವೆದ ಸೀಲುಗಳ ಸಂದಿಯಿಂದ ನೀರೂ ಮಣ್ಣೂ ಹೈಡ್ರಾಲಿಕ್ ಎಣ್ಣೆಗೆ ಸೇರುತ್ತವೆ. ಎಣ್ಣೆಯ ಪೊರೆಯಷ್ಟೇ ದಪ್ಪವಿರುವ ಕಣಗಳು ಎಲ್ಲಕ್ಕಿಂತ ಅಪಾಯಕಾರಿ. ಅವು ಎರಡು ಮೇಲ್ಮೈಗಳ ನಡುವೆ ನುಸುಳಿ ಎರಡನ್ನೂ ಏಕಕಾಲಕ್ಕೆ ಕೆತ್ತಬಲ್ಲವು.

ಸಿಲಿಕಾನಿನ ಪಾತ್ರ

ಅಲ್ಯೂಮಿನಿಯಂನ ಸವೆತ ನಿರೋಧಕ್ಕೆ ಮೊದಲ ಮತ್ತು ಇಂದಿಗೂ ಮುಖ್ಯವಾದ ಉಪಾಯ ಸಿಲಿಕಾನನ್ನು ಬೆರೆಸುವುದು. ಶೇಕಡಾ 12.6ರಷ್ಟು ಸಿಲಿಕಾನ್ ಇರುವ ಮಿಶ್ರಣ 577 ಡಿಗ್ರಿಯಲ್ಲಿಯೇ ಕರಗುತ್ತದೆ, ಅಚ್ಚಿನೊಳಗೆ ಸರಾಗವಾಗಿ ಹರಿಯುತ್ತದೆ. ತಣಿದಾಗ ಮೆದು ಅಲ್ಯೂಮಿನಿಯಂನ ನಡುವೆ ಗಡಸು ಸಿಲಿಕಾನ್ ಕಣಗಳು ಹರಡಿಕೊಳ್ಳುತ್ತವೆ. ಭಾರವನ್ನು ಕಣಗಳು ಹೊರುತ್ತವೆ. ಕಣಗಳನ್ನು ಲೋಹ ಹಿಡಿದುಕೊಳ್ಳುತ್ತದೆ. ಪಿಸ್ಟನ್ನುಗಳಿಗೆ ಬಹುಕಾಲದಿಂದ ಬಳಕೆಯಲ್ಲಿರುವ ಎಲ್‌ಎಂ 13 ಎಂಬ ಮಿಶ್ರಲೋಹದಲ್ಲಿ ಸುಮಾರು ಶೇಕಡಾ 12 ಸಿಲಿಕಾನ್, ಜೊತೆಗೆ ತಲಾ ಶೇಕಡಾ 1ರ ಆಸುಪಾಸಿನಲ್ಲಿ ತಾಮ್ರ ಮತ್ತು ಮೆಗ್ನೀಸಿಯಂ ಇರುತ್ತವೆ.

ಹಾಗಾದರೆ ಸಿಲಿಕಾನ್ ಹೆಚ್ಚಿದಷ್ಟೂ ಸವೆತ ಕಡಿಮೆಯಾಗುತ್ತದೆಯೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿ. ಎನ್. ಪ್ರಮೀಳಾ ಬಾಯಿ ಮತ್ತು ಎಸ್. ಕೆ. ಬಿಸ್ವಾಸ್ ಅವರು ನಡೆಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಗೆ ಮಹತ್ವದ ಉತ್ತರ ನೀಡಿತು. ತಿರುಗುವ ಉಕ್ಕಿನ ತಟ್ಟೆಯ ಮೇಲೆ ಮಿಶ್ರಲೋಹದ ಕಡ್ಡಿಯನ್ನು ಒತ್ತಿ, ಎಣ್ಣೆಯಿಲ್ಲದೆ ಉಜ್ಜುವ ‘ಪಿನ್ ಆನ್ ಡಿಸ್ಕ್’ ವಿಧಾನದ ಪರೀಕ್ಷೆ ಅದು. ಸಿಲಿಕಾನ್ ಇಲ್ಲದ ಲೋಹಕ್ಕಿಂತ ಸಿಲಿಕಾನ್ ಇರುವ ಲೋಹದ ಸವೆತ ಬಹಳ ಕಡಿಮೆ ಎಂಬುದು ಸ್ಪಷ್ಟವಾಯಿತು. ಆದರೆ ಶೇಕಡಾ 4ರಿಂದ 24ರವರೆಗಿನ ವ್ಯಾಪ್ತಿಯಲ್ಲಿ ಸಿಲಿಕಾನಿನ ಪ್ರಮಾಣಕ್ಕೂ ಸವೆತಕ್ಕೂ ಕ್ರಮಬದ್ಧವಾದ ಸಂಬಂಧ ಕಾಣಲಿಲ್ಲ. ಅಂದರೆ, ಎಷ್ಟು ಬೆರೆಸಲಾಗಿದೆ ಎಂಬುದಷ್ಟೇ ಮುಖ್ಯವಲ್ಲ. ಬೆರೆತದ್ದು ಯಾವ ಆಕಾರದಲ್ಲಿ, ಹೇಗೆ ಹರಡಿದೆ ಎಂಬುದನ್ನೂ ನೋಡಬೇಕು.

ಆಕಾರವನ್ನು ತಿದ್ದುವ ವಿದ್ಯೆಗೆ ನೂರು ವರ್ಷ ಮೀರಿದ ಇತಿಹಾಸವಿದೆ. ಸಾಮಾನ್ಯ ಎರಕದಲ್ಲಿ ಸಿಲಿಕಾನ್ ಚೂಪಾದ ಹಲ್ಲೆಗಳಾಗಿ ಬೆಳೆಯುತ್ತದೆ. ಪ್ರತಿಯೊಂದು ಹಲ್ಲೆಯ ತುದಿಯೂ ಬಿರುಕಿಗೆ ಹುಟ್ಟುನೆಲೆ. ಆಲಾಡಾರ್ ಪಾಟ್ಸ್ ಎಂಬವರು ಕರಗಿದ ಲೋಹಕ್ಕೆ ಅತ್ಯಲ್ಪ ಸೋಡಿಯಂ ಸೇರಿಸಿ, ಈ ಹಲ್ಲೆಗಳನ್ನು ಸೂಕ್ಷ್ಮ ನಾರುಗಳಾಗಿ ಮಾರ್ಪಡಿಸುವ ವಿಧಾನಕ್ಕೆ 1921ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಇಂದು ಸೋಡಿಯಂಗೆ ಬದಲಾಗಿ ಸ್ಟ್ರಾನ್ಷಿಯಂ ಹೆಚ್ಚು ಬಳಕೆಯಲ್ಲಿದೆ. ಅಲ್ಯೂಮಿನಿಯಂನ ಹರಳುಗಳನ್ನು ಚಿಕ್ಕದಾಗಿಸಲು ಟೈಟಾನಿಯಂ ಮತ್ತು ಬೋರಾನ್ ಇರುವ ಮಿಶ್ರಲೋಹವನ್ನು ಸೇರಿಸಲಾಗುತ್ತದೆ. ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಎಸ್. ಎ. ಕೋರಿ ಅವರು ಟಿ. ಎಂ. ಚಂದ್ರಶೇಖರಯ್ಯ ಅವರೊಡನೆ 2009ರಲ್ಲಿ ಪ್ರಕಟಿಸಿದ ಅಧ್ಯಯನ, ಈ ಎರಡೂ ಸಂಸ್ಕಾರಗಳನ್ನು ಒಟ್ಟಿಗೆ ನೀಡಿದಾಗ ಸವೆತ ನಿರೋಧವು ಒಂದೊಂದನ್ನೇ ನೀಡಿದ್ದಕ್ಕಿಂತ ಉತ್ತಮಗೊಳ್ಳುವುದನ್ನು ತೋರಿಸಿತು. ಇದಕ್ಕೆ ದುಬಾರಿ ಯಂತ್ರಗಳು ಬೇಕಿಲ್ಲ. ಎಚ್ಚರಿಕೆಯುಳ್ಳ ಸಣ್ಣ ಎರಕದ ಮನೆಯೂ ಇದನ್ನು ಸಾಧಿಸಬಹುದು.

ಎರಕದ ಬಳಿಕ ಭಾಗವನ್ನು ಕರಗುವ ಬಿಂದುವಿಗಿಂತ ತುಸು ಕೆಳಗಿನ ತಾಪದಲ್ಲಿಟ್ಟು, ನೀರಿನಲ್ಲಿ ತಣಿಸಿ, ಮತ್ತೆ 150ರಿಂದ 200 ಡಿಗ್ರಿಯಲ್ಲಿ ಕೆಲವು ತಾಸು ಕಾಯಿಸುವ ಪದ್ಧತಿಯಿದೆ. ಇದರಿಂದ ಮಾತೃಲೋಹದೊಳಗೆ ಅತಿಸೂಕ್ಷ್ಮ ಕಣಗಳು ಮೂಡಿ ಗಡಸುತನ 100ರ ಗಡಿ ದಾಟುತ್ತದೆ. ಸಿಲಿಕಾನ್ ಕಣಗಳಿಗೆ ಭದ್ರವಾದ ತಳಹದಿ ದೊರೆಯುತ್ತದೆ.

ಗುಜರಿ ಅಲ್ಯೂಮಿನಿಯಂ ಕರಗಿಸಿ ಎರೆದ ಬದಲಿ ಭಾಗಗಳ ಕತೆ ಬೇರೆ. ಗುಜರಿಯೊಡನೆ ಬಂದ ಕಬ್ಬಿಣವು ಶೇಕಡಾ 1ನ್ನು ಮೀರಿದರೆ ಸೂಜಿಯಂತಹ ಪೆಡಸು ಹರಳುಗಳು ಬೆಳೆದು ಲೋಹವನ್ನು ಒಳಗಿನಿಂದಲೇ ಸೀಳುತ್ತವೆ. ಒದ್ದೆ ಗುಜರಿಯಿಂದ ಸೇರಿದ ಹೈಡ್ರೋಜನ್ ಸಣ್ಣ ರಂಧ್ರಗಳನ್ನು ಉಳಿಸುತ್ತದೆ. ಕಬ್ಬಿಣದ ದುಷ್ಪರಿಣಾಮವನ್ನು ಮ್ಯಾಂಗನೀಸ್ ಸೇರಿಸಿ ತಗ್ಗಿಸಬಹುದು. ಹೈಡ್ರೋಜನನ್ನು ಆರ್ಗಾನ್ ಅಥವಾ ಸಾರಜನಕ ಹಾಯಿಸಿ ಹೊರದೂಡಬಹುದು. ಇವೆರಡನ್ನೂ ಮಾಡದ ಎರಕ ನೋಟಕ್ಕೆ ಮೂಲಭಾಗದಂತೆಯೇ ಹೊಳೆದರೂ ಬಾಳಿಕೆಯಲ್ಲಿ ಅದಕ್ಕೆ ಸಾಟಿಯಾಗದು.

ಗಡಸು ಕಣಗಳ ಸಂಯುಕ್ತಗಳು

ಸಿಲಿಕಾನಿನ ಗಡಸುತನ ಬೆಣಚುಕಲ್ಲಿನ ಗಡಸುತನಕ್ಕೆ ಹೆಚ್ಚುಕಡಿಮೆ ಸಮ. ಆದುದರಿಂದ ಅಂಟು ಸವೆತವನ್ನು ತಡೆಯುವ ಸಿಲಿಕಾನ್ ಮಣ್ಣಿನ ಕಣದ ಎದುರು ಅಷ್ಟಾಗಿ ನಿಲ್ಲಲಾರದು. ತರಚುವ ಕಣಕ್ಕಿಂತ ಮೇಲ್ಮೈ ಸ್ಪಷ್ಟವಾಗಿ ಗಡಸಾಗಿದ್ದಾಗ ಮಾತ್ರ ತರಚು ಸವೆತ ಗಣನೀಯವಾಗಿ ಇಳಿಯುತ್ತದೆ. ಸುಮಾರು 2,000 ಗಡಸುತನದ ಅಲ್ಯೂಮಿನಾ, 2,500ರ ಸಿಲಿಕಾನ್ ಕಾರ್ಬೈಡ್ ಕಣಗಳನ್ನು ಲೋಹದೊಳಗೆ ಬೆರೆಸುವ ಆಲೋಚನೆ ಹುಟ್ಟಿದ್ದು ಇಲ್ಲಿಂದ.

ಬೆರೆಸುವುದು ಸುಲಭವಾಗಿರಲಿಲ್ಲ. ಎಣ್ಣೆ ಸವರಿದ ತಟ್ಟೆಯ ಮೇಲೆ ನೀರು ನಿಲ್ಲದಂತೆ ಕರಗಿದ ಅಲ್ಯೂಮಿನಿಯಂ ಈ ಕಣಗಳಿಗೆ ಹತ್ತಿಕೊಳ್ಳುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಕೆ. ಸೂರಪ್ಪ ಮತ್ತು ಪಿ. ಕೆ. ರೋಹಟ್ಗಿ ಅವರು ಈ ದಿಸೆಯಲ್ಲಿ ದುಡಿದು 1981ರಲ್ಲಿ ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರದ ಆರಂಭಿಕ ಕೃತಿಗಳಲ್ಲೊಂದು. ಕಣಗಳನ್ನು ಮೊದಲೇ ಕಾಯಿಸಿ, ತೇವ ಮತ್ತು ಅನಿಲಗಳನ್ನು ಕಳೆದು, ಲೋಹವನ್ನು ಸುಳಿಯೇಳುವಂತೆ ಕಲಕುತ್ತ ಅವನ್ನು ಸೇರಿಸುವ ‘ಕಲಕು ಎರಕ’ ಇಂದು ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ಕಣಗಳಿಗೆ ಬದಲು ನಾರುಗಳನ್ನು ಬಳಸುವ ಮಾರ್ಗವೂ ಇದೆ. 1983ರಲ್ಲಿ ಜಪಾನಿನ ಟೊಯೋಟಾ ಸಂಸ್ಥೆ ಡೀಸೆಲ್ ಪಿಸ್ಟನ್ನಿನ ರಿಂಗು ಕೂರುವ ಗಾಡಿಯನ್ನು ಸೆರಾಮಿಕ್ ನಾರುಗಳಿಂದ ಬಲಪಡಿಸಿ ಮಾರುಕಟ್ಟೆಗೆ ತಂದಿತು.

ರಾಯಚೂರು ಜಿಲ್ಲೆಯ ಮಟ್ಟಿಗೆ ಈ ಕ್ಷೇತ್ರದಲ್ಲಿ ವಿಶೇಷ ಆಸಕ್ತಿಯ ಸಂಗತಿಯೊಂದಿದೆ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ 1985ರಲ್ಲಿ ಕೆಲಸ ಆರಂಭಿಸಿದಂದಿನಿಂದ ಕಲ್ಲಿದ್ದಲಿನ ಹಾರುಬೂದಿ ಅಲ್ಲಿ ರಾಶಿಯಾಗಿ ಉತ್ಪನ್ನವಾಗುತ್ತಿದೆ. ಹಾರುಬೂದಿಯ ಮುಖ್ಯ ಘಟಕಗಳು ಸಿಲಿಕಾ ಮತ್ತು ಅಲ್ಯೂಮಿನಾ. ಇಂತಹ ಬೂದಿಯನ್ನೇ ಅಲ್ಯೂಮಿನಿಯಂಗೆ ಬೆರೆಸಿದರೆ ಹೇಗೆ ಎಂಬುದನ್ನು ಸುದರ್ಶನ್ ಮತ್ತು ಸೂರಪ್ಪ ಅವರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರಿಶೀಲಿಸಿದರು. ಗಾತ್ರದ ಲೆಕ್ಕದಲ್ಲಿ ಶೇಕಡಾ 6 ಮತ್ತು 12ರಷ್ಟು ಹಾರುಬೂದಿ ಸೇರಿದ ಮಿಶ್ರಲೋಹಗಳನ್ನು ಅವರು ಉಜ್ಜಿ ನೋಡಿದರು. ಸಣ್ಣದೂ ದೊಡ್ಡದೂ ಕಲಸಿಕೊಂಡ ಬೂದಿಗಿಂತ, ಜರಡಿ ಹಿಡಿದು ಆಯ್ದ 53ರಿಂದ 106 ಮೈಕ್ರಾನ್ ಗಾತ್ರದ ಬೂದಿ ಹೆಚ್ಚಿನ ಸವೆತ ನಿರೋಧ ನೀಡಿತು. ಬೂದಿ ಅಗ್ಗವೆಂದು ಹಾಗೆಯೇ ಸುರಿಯುವಂತಿಲ್ಲ, ಅದನ್ನು ಆಯ್ದು ಹದಗೊಳಿಸಬೇಕೆಂಬ ಪಾಠ ಇದರಲ್ಲಿದೆ.

ಭತ್ತದ ಹೊಟ್ಟಿನ ಬೂದಿಯ ಮೇಲೆಯೂ ಭಾರತದ ಹಲವು ಪ್ರಯೋಗಾಲಯಗಳಲ್ಲಿ ಇದೇ ಬಗೆಯ ಅಧ್ಯಯನಗಳು ನಡೆದಿವೆ. ಭತ್ತದ ತೂಕದಲ್ಲಿ ಐದನೆಯ ಒಂದು ಭಾಗದಷ್ಟು ಹೊಟ್ಟು. ಹೊಟ್ಟಿನಲ್ಲಿ ಮತ್ತೆ ಸುಮಾರು ಐದನೆಯ ಒಂದು ಭಾಗ ಬೂದಿ. ಕರಗಿದ ಅಲ್ಯೂಮಿನಿಯಂ ಸಿಲಿಕಾದೊಡನೆ ವರ್ತಿಸಿ, ಅಲ್ಯೂಮಿನಾ ಮತ್ತು ಸಿಲಿಕಾನ್‌ಗಳನ್ನು ಉಂಟುಮಾಡುತ್ತದೆ. ಸವೆತಕ್ಕೆ ಕಾರಣವಾದ ವಸ್ತುವೇ ಹದವರಿತು ಸೇರಿಸಿದಾಗ ಸವೆತ ತಡೆಯುವ ವಸ್ತುವಾಗುತ್ತದೆ. ಆದರೆ ಬೂದಿಯಲ್ಲಿ ಉಳಿದ ಇಂಗಾಲವನ್ನು ಪೂರ್ತಿ ಸುಡದಿದ್ದರೆ ಬಂಧ ಸಡಿಲವಾಗುತ್ತದೆ. ಬಂಧ ಸಡಿಲವಾದ ಕಣ ಕಿತ್ತುಬಂದರೆ ಅದೇ ಹೊಸ ತರಚು ಕಣವಾಗಿ ಎದುರಿನ ಉಕ್ಕನ್ನೂ ಕೆಡಿಸುತ್ತದೆ.

ಮೇಲ್ಮೈಗೆ ಕವಚ

ಸವೆಯುವುದು ಮೇಲ್ಮೈ ಮಾತ್ರವಾದ್ದರಿಂದ ಅದನ್ನಷ್ಟೇ ಗಡಸು ಮಾಡುವುದು ಮೂರನೆಯ ಮಾರ್ಗ. ಗಂಧಕಾಮ್ಲದ ದ್ರಾವಣವನ್ನು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ತಂಪಾಗಿಟ್ಟು, ಭಾಗವನ್ನು ಧನಾಗ್ರವಾಗಿ ಮಾಡಿ ವಿದ್ಯುತ್ ಹಾಯಿಸಿದರೆ, ಲೋಹವೇ ಆಕ್ಸೈಡಾಗಿ ಮಾರ್ಪಟ್ಟು 25ರಿಂದ 100 ಮೈಕ್ರಾನ್ ದಪ್ಪದ ಕವಚ ಬೆಳೆಯುತ್ತದೆ. ಇದು ಗಡಸು ಆನೊಡೀಕರಣ. ಕವಚದ ಸುಮಾರು ಅರ್ಧ ಭಾಗ ಮೂಲ ಮೇಲ್ಮೈಯಿಂದ ಹೊರಕ್ಕೂ ಅರ್ಧ ಒಳಕ್ಕೂ ಬೆಳೆಯುವುದರಿಂದ ಭಾಗದ ಅಳತೆಯನ್ನು ಮೊದಲೇ ಲೆಕ್ಕಹಾಕಿ ಇಡಬೇಕು. ಈ ಕವಚ ಸೂಕ್ಷ್ಮರಂಧ್ರಗಳುಳ್ಳದ್ದು; ಗಡಸುತನ ಸುಮಾರು 350ರಿಂದ 500. ಅಂಟು ಸವೆತಕ್ಕೆ ಇದು ಒಳ್ಳೆಯ ತಡೆ, ಬೆಣಚುಕಲ್ಲಿನ ಕಣಕ್ಕೆ ಸಾಲದು. ಸಿಲಿಕಾನ್ ಅಥವಾ ತಾಮ್ರ ಹೆಚ್ಚಿರುವ ಮಿಶ್ರಲೋಹಗಳ ಮೇಲೆ ಕವಚ ಸಮನಾಗಿ ಬೆಳೆಯುವುದೂ ಇಲ್ಲ.

ಈ ಕೊರತೆಯನ್ನು ನೀಗಿಸಲು ಬಂದದ್ದು ಸೂಕ್ಷ್ಮ ಕಿಡಿ ಆಕ್ಸಿಡೀಕರಣ. ಇಲ್ಲಿ ದ್ರಾವಣ ಕ್ಷಾರೀಯವಾದುದು. ವಿದ್ಯುತ್ತಿನ ಒತ್ತಡ ನೂರಾರು ವೋಲ್ಟ್. ಭಾಗದ ಮೇಲೆಲ್ಲ ಕಿರುಕಿಡಿಗಳು ಹಾರುತ್ತ ಆಕ್ಸೈಡನ್ನು ಅಲ್ಲಲ್ಲೇ ಕರಗಿಸಿ ಗಟ್ಟಿಗೊಳಿಸುತ್ತವೆ. ಹೀಗೆ ಕುರುಂದದ ಹರಳುಗಳುಳ್ಳ, 1,000ಕ್ಕೂ ಮೀರಿದ ಗಡಸುತನದ ದಪ್ಪ ಕವಚ ದೊರೆಯುತ್ತದೆ. ರಾಯಚೂರಿಗೆ ನೆರೆಯ ಹೈದರಾಬಾದಿನ ಎಆರ್‌ಸಿಐ ಸಂಶೋಧನ ಕೇಂದ್ರದಲ್ಲಿ ಜಿ. ಸುಂದರರಾಜನ್ ಮತ್ತು ಎಲ್. ರಾಮಕೃಷ್ಣ ಅವರು ಈ ಕವಚ ಬೆಳೆಯುವ ಬಗೆಯನ್ನು ವಿವರಿಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು.

ನಿಕಲ್ ಲೋಹದೊಳಗೆ ಸಿಲಿಕಾನ್ ಕಾರ್ಬೈಡ್ ಕಣಗಳನ್ನು ಹುದುಗಿಸಿ ಲೇಪಿಸುವ ನಿಕಾಸಿಲ್ ವಿಧಾನ 1960ರ ದಶಕದಲ್ಲಿ ಜರ್ಮನಿಯ ಮಾಹ್ಲೆ ಸಂಸ್ಥೆಯಿಂದ ಬಂದಿತು. ಸಣ್ಣ ಎಂಜಿನ್ನುಗಳ ಅಲ್ಯೂಮಿನಿಯಂ ಸಿಲಿಂಡರುಗಳ ಒಳಮೈಗೆ ಈ ಬಗೆಯ ಲೇಪ ಅಥವಾ ಕ್ರೋಮಿಯಂ ಲೇಪವನ್ನು ಕೊಡುವುದು ವಾಡಿಕೆ.

ಭಾಗಕ್ಕೆ ತಕ್ಕ ಉಪಾಯ

1970ರಲ್ಲಿ ಅಮೆರಿಕದಲ್ಲಿ ಬಂದ ಷೆವರ್ಲೆ ವೇಗಾ ಕಾರಿನ ಎಂಜಿನ್ ಈ ಚರ್ಚೆಗೆ ಉಪಯುಕ್ತವಾದ ನಿದರ್ಶನ. ಶೇಕಡಾ 17 ಸಿಲಿಕಾನ್ ಇರುವ ಮಿಶ್ರಲೋಹದಿಂದ ಅದರ ಬ್ಲಾಕನ್ನು ಎರೆದು, ಕಬ್ಬಿಣದ ಒಳಕೊಳವೆಯನ್ನೇ ಕೈಬಿಡಲಾಗಿತ್ತು. ಅಲ್ಯೂಮಿನಿಯಂ ಅಲ್ಯೂಮಿನಿಯಂಗೆ ಅಂಟದಂತೆ ಪಿಸ್ಟನ್ನಿಗೆ ಕಬ್ಬಿಣದ ಲೇಪ ಕೊಡಲಾಗಿತ್ತು. ಆದರೂ ಎಂಜಿನ್ ಅತಿಯಾಗಿ ಕಾದಾಗ ಬ್ಲಾಕು ವಿರೂಪಗೊಂಡು, ಎಣ್ಣೆ ಕುಡಿಯುವ ಎಂಜಿನ್ ಎಂಬ ಅಪಖ್ಯಾತಿ ಅದಕ್ಕೆ ಬಂದಿತು. ಮಿಶ್ರಲೋಹವೊಂದೇ ಸರಿಯಿದ್ದರೆ ಸಾಲದು, ತಂಪು ಮತ್ತು ಎಣ್ಣೆಯ ವ್ಯವಸ್ಥೆಯೂ ಅದಕ್ಕೆ ಹೊಂದಿಕೊಂಡಿರಬೇಕು.

ಗದ್ದೆಯ ಯಂತ್ರಗಳಿಗೆ ಈ ತಿಳಿವಳಿಕೆಯನ್ನು ಅನ್ವಯಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ಪಿಸ್ಟನ್ನಿನ ಮೈಗೆ ಅಂಟು ಸವೆತದ ಭಯ. ಸಿಲಿಕಾನಿನ ಆಕಾರ ತಿದ್ದಿ ಹದಗೊಳಿಸಿದ ಮಿಶ್ರಲೋಹ ಅದಕ್ಕೆ ಸಾಕು. ಮೇಲಿನ ರಿಂಗಿನ ಗಾಡಿಯಲ್ಲಿ ಬಿಸಿ, ಬಡಿತ, ಧೂಳು ಮೂರೂ ಸೇರುವುದರಿಂದ ಡೀಸೆಲ್ ಪಿಸ್ಟನ್ನುಗಳಲ್ಲಿ ಅಲ್ಲಿ ನಿಕಲ್ ಬೆರೆತ ಎರಕದ ಕಬ್ಬಿಣದ ಬಳೆಯನ್ನು ಎರಕದ ಸಮಯದಲ್ಲೇ ಹುದುಗಿಸಲಾಗುತ್ತದೆ. ಗೇರ್ ಪಂಪಿನಲ್ಲಿ ಎಣ್ಣೆಯ ಒತ್ತಡ ಗೇರುಗಳನ್ನು ಎಣ್ಣೆ ಹೀರುವ ಬದಿಗೆ ತಳ್ಳುವುದರಿಂದ ಕವಚ ಆ ಬದಿಯಲ್ಲಿಯೇ ಸವೆಯುತ್ತದೆ. ಮಣ್ಣಿನ ಕಣ ಸೇರಿದ ಎಣ್ಣೆ ಅದನ್ನು ತ್ವರಿತಗೊಳಿಸುತ್ತದೆ. ಅಲ್ಲಿ ಕಿಡಿ ಆಕ್ಸಿಡೀಕರಣದಂತಹ ಗಡಸು ಕವಚಕ್ಕೆ ಅರ್ಥವಿದೆ.

ಇನ್ನೊಂದು ಮಾನದಂಡವನ್ನೂ ಮರೆಯುವಂತಿಲ್ಲ. ಅದು ದುರಸ್ತಿಯ ಸಾಧ್ಯತೆ. ಸಿಲಿಕಾನ್ ಕಾರ್ಬೈಡ್ ಸೇರಿದ ಭಾಗವನ್ನು ಕೊರೆಯಲು ವಜ್ರದ ಮೊನೆಯ ಉಪಕರಣ ಬೇಕು. ಊರ ಲೇತಿನ ಸಾಧಾರಣ ಉಳಿ ಅದರ ಮುಂದೆ ತಾನೇ ಸವೆದುಹೋಗುತ್ತದೆ. ಲೇಪವುಳ್ಳ ಸಿಲಿಂಡರನ್ನು ಕಬ್ಬಿಣದ ಸಿಲಿಂಡರಿನಂತೆ ಬೋರ್ ಮಾಡಿಸಿ ಮತ್ತೆ ಬಳಸಲಾಗದು. ಬೋರ್ ಮಾಡಿದೊಡನೆ ಲೇಪವೇ ಹೋಗುತ್ತದೆ. ಪ್ರಯೋಗಾಲಯದಲ್ಲಿ ಅತ್ಯುತ್ತಮವೆನಿಸಿದ ವಸ್ತು ಕಟಾವಿನ ದಿನ ಗದ್ದೆಯ ಬದುವಿನಲ್ಲಿ ನಿರುಪಯುಕ್ತವಾಗಬಹುದು.

ಉಪಸಂಹಾರ

ಸಿಲಿಕಾನ್, ಗಡಸು ಕಣ, ಗಡಸು ಕವಚ ಈ ಮೂರು ಮಾರ್ಗಗಳು ಪರಸ್ಪರ ಸ್ಪರ್ಧಿಗಳಲ್ಲ. ಮೂರರಲ್ಲಿಯೂ ಅಡಗಿರುವ ತತ್ವ ಒಂದೇ: ಗಡಸಾದುದು ಭಾರ ಹೊರಬೇಕು, ಮೆದುವಾದುದು ಅದನ್ನು ಬಿಡದೆ ಹಿಡಿಯಬೇಕು. ಈ ಎರಡರಲ್ಲಿ ಒಂದು ಸೋತರೂ ಮೇಲ್ಮೈ ಸೋಲುತ್ತದೆ. ಅಗ್ಗವಾದ ಹಾಗೂ ಎಲ್ಲರ ಕೈಗೆಟುಕುವ ಉಪಾಯವೂ ಒಂದಿದೆ. ಗಾಳಿ ಸೋಸುಕವನ್ನು ಕಟಾವಿನ ಕಾಲದಲ್ಲಿ ದಿನವೂ ಸ್ವಚ್ಛಗೊಳಿಸುವುದು, ಸವೆದ ಸೀಲನ್ನು ಕೆಸರಿಗಿಳಿಯುವ ಮುನ್ನ ಬದಲಿಸುವುದು, ನೀರು ಸೇರಿ ಹಾಲಿನ ಬಣ್ಣಕ್ಕೆ ತಿರುಗಿದ ಎಣ್ಣೆಯನ್ನು ಒಡನೆ ತೆಗೆಸುವುದು. ಮಣ್ಣಿನ ಕಣ ಒಳಗೆ ಬರದಿದ್ದರೆ ಸಾಧಾರಣ ಮಿಶ್ರಲೋಹವೂ ಬಹುಕಾಲ ಬಾಳುತ್ತದೆ.

ಬೆಂಗಳೂರು, ಬಾಗಲಕೋಟೆ, ಹೈದರಾಬಾದುಗಳ ಪ್ರಯೋಗಾಲಯಗಳಲ್ಲಿ ಕೂಡಿಬಂದ ತಿಳಿವಳಿಕೆ ದೊಡ್ಡದು. ಶಕ್ತಿನಗರದ ಬೂದಿಯೂ ಸಿಂಧನೂರಿನ ಹೊಟ್ಟೂ ಕಚ್ಚಾವಸ್ತುವಾಗಿ ಜಿಲ್ಲೆಯಲ್ಲಿಯೇ ಇವೆ. ಇನ್ನು ಆಗಬೇಕಾದ ಕೆಲಸವೆಂದರೆ, ಒಣ ತಟ್ಟೆಯ ಮೇಲಿನ ಪರೀಕ್ಷೆಯಲ್ಲಿ ಗೆದ್ದ ಮಿಶ್ರಲೋಹಗಳನ್ನು ಎರೆಮಣ್ಣು ಬೆರೆತ ಎಣ್ಣೆಯಲ್ಲಿ, ಹೊಟ್ಟಿನ ಧೂಳಿನಲ್ಲಿ ಪರೀಕ್ಷಿಸುವುದು. ಊರ ಲೇತಿನಲ್ಲಿ ದುರಸ್ತಿಯಾಗಬಲ್ಲ ಭಾಗಗಳನ್ನು ರೂಪಿಸುವುದು. ತುರ್ವಿಹಾಳದಂತಹ ಊರಿನ ಗದ್ದೆಯಲ್ಲಿ ಒಂದು ಹಂಗಾಮು ಪೂರ್ತಿ ನಿಲ್ಲದೆ ದುಡಿದ ಯಂತ್ರವೇ ಈ ಸಂಶೋಧನೆಗಳಿಗೆ ಅಂತಿಮ ಒರೆಗಲ್ಲು.